ಎಕ್ಸೆಲ್ ಮ್ಯಾಕ್ರೋದಿಂದ ವರ್ಡ್ ನಡೆಸುವಾಗ ದೋಷಗಳನ್ನು ಕ್ರಮಬದ್ಧವಾಗಿ ನಿಭಾಯಿಸುವುದು ಹೇಗೆ?

ದಾಲ್ ಮಿಲ್ ಲೆಕ್ಕಪತ್ರ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ತೊಗರಿಯ ಹಂಗಾಮಿನಲ್ಲಿ ಪ್ರತಿದಿನ ಸಂಜೆ, ರೈತರ ಹೆಸರು, ತೂಕ, ದರ, ಹಮಾಲಿ ಮತ್ತು ಸಲ್ಲಬೇಕಾದ ಮೊತ್ತ ಇರುವ ಎಕ್ಸೆಲ್ ಹಾಳೆಯಿಂದ ಒಬ್ಬೊಬ್ಬರಿಗೂ ಪ್ರತ್ಯೇಕ ಲೆಕ್ಕದ ಪಟ್ಟಿಯನ್ನು ವರ್ಡ್‌ನಲ್ಲಿ ತಯಾರಿಸಿ ಪಿಡಿಎಫ್ ಮಾಡಬೇಕಾಗುತ್ತದೆ. ಇದಕ್ಕಾಗಿ ಎಕ್ಸೆಲ್ ಒಳಗೇ ಇರುವ ಪ್ರೋಗ್ರಾಮಿಂಗ್ ಭಾಷೆಯಾದ ವಿಬಿಎ ಕಲಿತು ಒಂದು ಮ್ಯಾಕ್ರೋ, ಅಂದರೆ ಕೆಲಸವನ್ನು ತಾನಾಗಿ ಮಾಡುವ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಅದು ವರ್ಡ್ ತೆರೆದು, ಟೆಂಪ್ಲೇಟಿನ ಬುಕ್‌ಮಾರ್ಕುಗಳಲ್ಲಿ (ಹೆಸರಿಟ್ಟು ಗುರುತಿಸಿದ ಜಾಗಗಳಲ್ಲಿ) ಅಂಕಿಗಳನ್ನು ತುಂಬಿ, ರೈತರ ಹೆಸರಿನಲ್ಲಿ ಪಿಡಿಎಫ್ ಉಳಿಸುತ್ತದೆ.

ಮೊದಲ ಬಾರಿ ನಡೆಸಿದಾಗ ಎಲ್ಲವೂ ಸರಿಯಾಗಿರುತ್ತದೆ. ಎಕ್ಸೆಲ್ ಮುಚ್ಚದೆ ಎರಡನೆಯ ಬಾರಿ ನಡೆಸಿದರೆ 462 ಎಂಬ ದೋಷ ಬಂದು, ರಿಮೋಟ್ ಸರ್ವರ್ ಲಭ್ಯವಿಲ್ಲವೆಂಬ ಸಂದೇಶ ಕಾಣಿಸುತ್ತದೆ. ನಾನು ಯಾವ ಸರ್ವರನ್ನೂ ಬಳಸುತ್ತಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ, ಪರದೆಯ ಮೇಲೆ ಒಂದೂ ವರ್ಡ್ ಕಿಟಕಿ ಇಲ್ಲದಿದ್ದರೂ ಹಿನ್ನೆಲೆಯಲ್ಲಿ ಹಲವು ವರ್ಡ್‌ಗಳು ಓಡುತ್ತಿರುತ್ತವೆ. ಯಾರೋ ಹೇಳಿದಂತೆ ಮ್ಯಾಕ್ರೋದ ಮೊದಲ ಸಾಲಿನಲ್ಲಿ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಹಾಕಿದೆ, ದೋಷದ ಸಂದೇಶ ನಿಂತಿತು. ಆದರೆ ಈಗ ಒಬ್ಬ ರೈತರ ಪಟ್ಟಿಯಲ್ಲಿ ಅವರಿಗಿಂತ ಹಿಂದಿನ ಸಾಲಿನವರ ಮೊತ್ತ ಮುದ್ರಿತವಾಗಿದೆ. ಹಣದ ವಿಷಯವಾದ್ದರಿಂದ ಇದನ್ನು ಸರಿಯಾಗಿಯೇ ಕಲಿಯಬೇಕೆಂದಿದ್ದೇನೆ. ಎಲ್ಲಿಂದ ಪ್ರಾರಂಭಿಸಬೇಕು?

ಪಾಲಿಟೆಕ್ನಿಕ್ ಬೋಧಕ, ಬೀದರ್

ತಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಸಮಸ್ಯೆಗಳು ಹೆಣೆದುಕೊಂಡಿವೆ. ಹಿಂದಿನವರ ಮೊತ್ತ ಮುಂದಿನವರ ಪಟ್ಟಿಗೆ ಹೋದದ್ದೇ ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಆದ್ದರಿಂದ ಅದನ್ನೇ ಮೊದಲು ನೋಡೋಣ.

‘ರೆಸ್ಯೂಮ್ ನೆಕ್ಸ್ಟ್’ ದೋಷವನ್ನು ಸರಿಪಡಿಸುವುದಿಲ್ಲ. ದೋಷ ಬಂದ ಸಾಲನ್ನು ಅರ್ಧಕ್ಕೇ ಕೈಬಿಟ್ಟು ಮುಂದಿನ ಸಾಲಿಗೆ ಹೋಗುತ್ತದೆ, ಅಷ್ಟೆ. ತಮ್ಮ ಹಾಳೆಯ ಮೊತ್ತದ ಕೋಶದಲ್ಲಿ ಯಾರಾದರೂ ಅಂಕಿಯ ಬದಲು ‘ತೂಕ ಬಾಕಿ’ ಎಂದು ಬರೆದಿದ್ದರೆ, ಅಥವಾ ಬೇರೆ ಪಟ್ಟಿಯಿಂದ ಬೆಲೆ ಹುಡುಕಿ ತರುವ ವಿ-ಲುಕಪ್ ಸೂತ್ರ ಸೋತು ಅಲ್ಲಿ ಎನ್/ಎ ಎಂದು ನಿಂತಿದ್ದರೆ, ಅದನ್ನು ಸಂಖ್ಯೆಯಾಗಿ ಪರಿವರ್ತಿಸುವ ಸಾಲು 13ನೇ ದೋಷವನ್ನು, ಅಂದರೆ ಟೈಪ್ ಮಿಸ್‌ಮ್ಯಾಚ್ ಅನ್ನು ಕೊಡುತ್ತದೆ. ಆ ಸಾಲು ನಡೆಯದ ಕಾರಣ ಮೊತ್ತವನ್ನು ಹಿಡಿದಿಡುವ ವೇರಿಯಬಲ್‌ಗೆ ಹೊಸ ಬೆಲೆ ಬರುವುದಿಲ್ಲ, ಹಿಂದಿನ ರೈತರ ಮೊತ್ತ ಅದರಲ್ಲಿ ಹಾಗೆಯೇ ಉಳಿದಿರುತ್ತದೆ. ಹೆಸರಿನ ಸಾಲು ಮಾತ್ರ ಸರಿಯಾಗಿ ನಡೆಯುತ್ತದೆ. ಹೀಗೆ ಒಬ್ಬರ ಹೆಸರು, ಇನ್ನೊಬ್ಬರ ಮೊತ್ತ ಸೇರಿದ, ನೋಡಲು ಯಾವ ಕೊರತೆಯೂ ಕಾಣದ ಪಿಡಿಎಫ್ ಸಿದ್ಧವಾಗುತ್ತದೆ. ಇಡೀ ಮ್ಯಾಕ್ರೋಗೆ ಆ ಸಾಲನ್ನು ಹೊದಿಸುವುದೆಂದರೆ, ರಾತ್ರಿ ನಿದ್ದೆ ಕೆಡುತ್ತದೆಂದು ಕಾವಲು ನಾಯಿಯ ಬಾಯಿ ಕಟ್ಟಿದಂತೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅನುಭವಿಗಳಲ್ಲಿಯೂ ಅನೇಕರು ಇದನ್ನು ಗಮನಿಸಿರುವುದಿಲ್ಲ. ‘ರೆಸ್ಯೂಮ್ ನೆಕ್ಸ್ಟ್’ ಜಾರಿಯಲ್ಲಿರುವಾಗ ‘ಇಫ್’ ಸಾಲಿನ ಷರತ್ತಿನಲ್ಲಿಯೇ ದೋಷ ಬಂದರೆ, ವಿಬಿಎ ಆ ಷರತ್ತನ್ನು ಸುಳ್ಳೆಂದು ಪರಿಗಣಿಸುವುದಿಲ್ಲ. ಮುಂದಿನ ಸಾಲಿಗೆ ಹೋಗುತ್ತದೆ, ಮುಂದಿನ ಸಾಲು ಆ ಇಫ್‌ನ ಒಳಗೇ ಇರುತ್ತದೆ. ಮೊತ್ತ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಪಟ್ಟಿ ಮುದ್ರಿಸು ಎಂದು ತಾವು ಬರೆದಿದ್ದರೂ, ಮೊತ್ತವನ್ನು ಓದಲಾಗದಿದ್ದಾಗ ಪಟ್ಟಿ ಮುದ್ರಣವಾಗಿಯೇ ತೀರುತ್ತದೆ.

ಮೊದಲ ಕೆಲಸವಾಗಿ ಆ ಸಾಲನ್ನು ತೆಗೆದುಹಾಕಿರಿ. ದೋಷಗಳು ಮತ್ತೆ ಕಾಣಿಸಲಿ.

ಸಹಕಾರ ಸಂಘದ ಕಂಪ್ಯೂಟರ್ ನಿರ್ವಾಹಕಿ, ಶಹಾಪುರ, ಯಾದಗಿರಿ ಜಿಲ್ಲೆ

462ರ ಬಗ್ಗೆ ನಾನು ಹೇಳಬಲ್ಲೆ. ಅಲ್ಲಿ ಹೇಳಿರುವ ಸರ್ವರ್ ಬೇರೆಲ್ಲೂ ಇಲ್ಲ, ತಮ್ಮ ಕಂಪ್ಯೂಟರಿನಲ್ಲಿಯೇ ಓಡುವ ವರ್ಡ್ ಪ್ರೋಗ್ರಾಮಿಗೇ ಆ ಹೆಸರು. ಎಕ್ಸೆಲ್ ಒಂದು ಪ್ರೊಸೆಸ್ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ), ವರ್ಡ್ ಇನ್ನೊಂದು ಪ್ರೊಸೆಸ್. ತಮ್ಮ ಮ್ಯಾಕ್ರೋದಲ್ಲಿರುವ ವರ್ಡ್ ಆಬ್ಜೆಕ್ಟ್ ಎಂಬುದು ಆ ಇನ್ನೊಂದು ಪ್ರೊಸೆಸ್ಸಿನ ಕಡೆಗೆ ಇರುವ ಕೊಂಡಿ ಮಾತ್ರ. ವರ್ಡ್ ಮುಚ್ಚಿಹೋದರೂ ಕೊಂಡಿ ತಮ್ಮ ವೇರಿಯಬಲ್‌ನಲ್ಲಿ ಉಳಿದಿರುತ್ತದೆ, ಅದು ‘ನಥಿಂಗ್’, ಅಂದರೆ ಖಾಲಿ ಆಗುವುದಿಲ್ಲ. ಅದರ ಮೂಲಕ ಏನನ್ನಾದರೂ ಕೇಳಿದಾಗ ಆ ಕಡೆ ಯಾರೂ ಇಲ್ಲವೆಂಬುದು ತಿಳಿಯುತ್ತದೆ.

ಎರಡನೆಯ ಬಾರಿ ಮಾತ್ರ ಈ ದೋಷ ಬರುತ್ತಿದೆಯೆಂದರೆ, ಮ್ಯಾಕ್ರೋದಲ್ಲಿ ಎಲ್ಲಿಯೋ ‘ಆ್ಯಕ್ಟಿವ್ ಡಾಕ್ಯುಮೆಂಟ್’ ಅಥವಾ ‘ಡಾಕ್ಯುಮೆಂಟ್ಸ್’ ಎಂಬುದನ್ನು, ಅದಕ್ಕೆ ಮೊದಲು ತಮ್ಮ ವರ್ಡ್ ವೇರಿಯಬಲ್ಲಿನ ಹೆಸರು ಮತ್ತು ಚುಕ್ಕೆ ಇಲ್ಲದೆ ಬರೆದಿರಬಹುದು. ವಿಬಿಎ ಎಡಿಟರಿನ ರೆಫರೆನ್ಸಸ್ ಪಟ್ಟಿಯಲ್ಲಿ ವರ್ಡ್ ಲೈಬ್ರರಿಗೆ ಗುರುತು ಹಾಕಿರುವಾಗ ಹೀಗೆ ಬರೆದರೆ, ವಿಬಿಎ ತೆರೆಮರೆಯಲ್ಲಿ ತನ್ನದೇ ಇನ್ನೊಂದು ಕೊಂಡಿಯನ್ನು ಸೃಷ್ಟಿಸಿಕೊಳ್ಳುತ್ತದೆ. ಅದನ್ನು ಬಿಡಿಸಲು ತಮ್ಮ ಕೈಯಲ್ಲಿ ಯಾವ ವೇರಿಯಬಲ್ಲೂ ಇರುವುದಿಲ್ಲ. ಮೊದಲ ಓಟದ ವರ್ಡ್ ಮುಚ್ಚಿದ ಮೇಲೆಯೂ ಆ ಗುಪ್ತ ಕೊಂಡಿ ಹಳೆಯ ವರ್ಡ್ ಕಡೆಗೇ ಮುಖ ಮಾಡಿಕೊಂಡಿರುತ್ತದೆ, ಎರಡನೆಯ ಓಟದಲ್ಲಿ ಅದೇ ಸಾಲು 462 ಎನ್ನುತ್ತದೆ. ‘ಸೆಲೆಕ್ಷನ್’ ಎಂದು ಬರಿದೆ ಬರೆದರೆ ತೊಂದರೆ ಬೇರೆ ಬಗೆಯದು: ಎಕ್ಸೆಲ್ ಅದನ್ನು ತನ್ನ ಹಾಳೆಯ ಸೆಲೆಕ್ಷನ್ ಎಂದು ತಿಳಿದು, ಅದಕ್ಕೆ ಪಠ್ಯ ಬರೆಯುವ ಟೈಪ್‌ಟೆಕ್ಸ್ಟ್ ಎಂಬ ಕ್ರಿಯೆಯೇ ಇಲ್ಲವಾದ್ದರಿಂದ 438ನೇ ದೋಷ ಕೊಡುತ್ತದೆ.

ವರ್ಡ್‌ಗೆ ಸೇರಿದ ಪ್ರತಿಯೊಂದು ಪದಕ್ಕೂ ಮೊದಲು ತಮ್ಮ ವೇರಿಯಬಲ್ ಇದೆಯೇ ಎಂದು ಸಾಲು ಸಾಲಾಗಿ ನೋಡಿರಿ. ದೋಷ ನಿರ್ವಹಣೆಯನ್ನು ಎಷ್ಟೇ ಚೆನ್ನಾಗಿ ಬರೆದರೂ ಈ ತಪ್ಪನ್ನು ಅದು ಮುಚ್ಚಲಾರದು.

ದಾಲ್ ಮಿಲ್ ಲೆಕ್ಕಪತ್ರ, ಕಲಬುರಗಿ

ಮೇಡಂ ಹೇಳಿದ್ದು ಅಕ್ಷರಶಃ ನಿಜವಾಗಿದೆ. ಪುಟದ ಅಂಚು ಹೊಂದಿಸುವ ಸಾಲಿನಲ್ಲಿ ಆ್ಯಕ್ಟಿವ್ ಡಾಕ್ಯುಮೆಂಟ್ ಬರಿದೆ ಇತ್ತು. ಸರಿಪಡಿಸಿದ ಮೇಲೆ 462 ಬರುತ್ತಿಲ್ಲ. ಸರ್ ಹೇಳಿದಂತೆ ರೆಸ್ಯೂಮ್ ನೆಕ್ಸ್ಟ್ ತೆಗೆದಾಗ 13 ಮತ್ತು 5941 ಎಂಬ ದೋಷಗಳು ಬೇರೆ ಬೇರೆ ಸಾಲುಗಳಲ್ಲಿ ಕಾಣಿಸುತ್ತಿವೆ. ದೋಷ ಬಂದು ಮ್ಯಾಕ್ರೋ ನಿಂತಾಗಲೆಲ್ಲ ಒಂದು ವರ್ಡ್ ಹಿನ್ನೆಲೆಯಲ್ಲಿ ಉಳಿಯುತ್ತಿದೆ. ಇಡೀ ಮ್ಯಾಕ್ರೋ ಕಟ್ಟುವ ನಕ್ಷೆಯನ್ನು ಒಮ್ಮೆ ತೋರಿಸಿದರೆ ಉಪಕಾರವಾಗುತ್ತದೆ.

ಪಾಲಿಟೆಕ್ನಿಕ್ ಬೋಧಕ, ಬೀದರ್

ಕೆಳಗಿನದು ಸಾರಮಾತ್ರ. ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಎಡಿಟರಿನಲ್ಲಿ ಎಂದಿನಂತೆ ಇಂಗ್ಲಿಷಿನಲ್ಲಿ ಟೈಪಿಸಿಕೊಳ್ಳಿರಿ.

ಸಬ್ ಪಟ್ಟಿ_ತಯಾರಿ
  ಆನ್ ಎರರ್ ಗೋಟು ದೋಷ
  … ವರ್ಡ್ ಪಡೆಯುವುದು, ಸಾಲುಗಳ ಕೆಲಸ …
ಮುಕ್ತಾಯ:
  ಆನ್ ಎರರ್ ರೆಸ್ಯೂಮ್ ನೆಕ್ಸ್ಟ್
  … ಡಾಕ್ಯುಮೆಂಟ್ ಉಳಿಸದೆ ಮುಚ್ಚುವುದು …
  ಇಫ್ ನಾವೇ_ತೆರೆದದ್ದು ದೆನ್ ವರ್ಡ್.ಕ್ವಿಟ್
  ಸೆಟ್ ವರ್ಡ್ = ನಥಿಂಗ್
  ಆನ್ ಎರರ್ ಗೋಟು 0
  ಇಫ್ ದೋಷಸಂಖ್ಯೆ <> 0 ದೆನ್ … ವರದಿ …
  ಎಕ್ಸಿಟ್ ಸಬ್
ದೋಷ:
  ದೋಷಸಂಖ್ಯೆ = ಎರ್.ನಂಬರ್
  ದೋಷವಿವರ = ಎರ್.ಡಿಸ್ಕ್ರಿಪ್ಷನ್
  ರೆಸ್ಯೂಮ್ ಮುಕ್ತಾಯ
ಎಂಡ್ ಸಬ್

ಕೆಲಸ ಸುಸೂತ್ರವಾಗಿ ಮುಗಿದರೂ, ನಡುವೆ ಕೆಟ್ಟರೂ, ಹೊರಹೋಗುವ ದಾರಿ ‘ಮುಕ್ತಾಯ’ ಒಂದೇ. ಆದ್ದರಿಂದ ವರ್ಡ್ ಮುಚ್ಚುವ ಸಾಲುಗಳನ್ನು ಎರಡು ಕಡೆ ಬರೆಯಬೇಕಾಗಿಲ್ಲ, ಒಂದು ಕಡೆ ಮರೆಯುವ ಸಂಭವವೂ ಇಲ್ಲ.

ಇಲ್ಲಿ ಅನುಕ್ರಮವೇ ಮುಖ್ಯವಾದದ್ದು, ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಎರ್ ಆಬ್ಜೆಕ್ಟಿನಲ್ಲಿರುವ ದೋಷದ ಸಂಖ್ಯೆ ಮತ್ತು ವಿವರ ಬಹಳ ಹೊತ್ತು ಬಾಳುವುದಿಲ್ಲ. ಯಾವುದೇ ‘ರೆಸ್ಯೂಮ್’, ಯಾವುದೇ ‘ಆನ್ ಎರರ್’ ಸಾಲು, ಅಥವಾ ‘ಎಕ್ಸಿಟ್ ಸಬ್’ ಬಂದ ಕೂಡಲೇ ಅವು ಅಳಿಸಿಹೋಗುತ್ತವೆ. ಮುಕ್ತಾಯದ ಮೊದಲ ಸಾಲೇ ‘ಆನ್ ಎರರ್’ ಆಗಿರುವುದರಿಂದ, ಅಲ್ಲಿಗೆ ಬಂದ ಮೇಲೆ ಎರ್.ನಂಬರ್ ಕೇಳಿದರೆ ಸೊನ್ನೆ ಸಿಗುತ್ತದೆ. ದೋಷವೇ ಬಂದಿಲ್ಲವೆಂದು ವರದಿ ಮಾಡುವ ಮ್ಯಾಕ್ರೋಗಳು ಹುಟ್ಟುವುದು ಹೀಗೆ. ಎರಡನೆಯದಾಗಿ, ದೋಷದ ಲೇಬಲ್ಲಿಗೆ (ಮೇಲೆ ‘ದೋಷ:’ ಎಂದು ಹೆಸರಿಟ್ಟ ಜಾಗಕ್ಕೆ) ಬಂದು ‘ರೆಸ್ಯೂಮ್’ ಹೇಳುವವರೆಗೆ ವಿಬಿಎ ತಾನಿನ್ನೂ ದೋಷವನ್ನು ನಿಭಾಯಿಸುತ್ತಿದ್ದೇನೆಂದೇ ಭಾವಿಸಿರುತ್ತದೆ. ಆ ಅವಧಿಯಲ್ಲಿ ಹೊಸ ದೋಷ ಬಂದರೆ ಅದೇ ಸಬ್‌ನಲ್ಲಿ ಹಿಡಿಯಲು ಬರುವುದಿಲ್ಲ, ಅದು ಕರೆದವರ ಬಳಿಗೆ ಹೋಗುತ್ತದೆ, ಕರೆದವರೂ ಹಿಡಿಯದಿದ್ದರೆ ಮ್ಯಾಕ್ರೋ ನಿಲ್ಲುತ್ತದೆ. ಸತ್ತುಹೋದ ವರ್ಡ್‌ಗೆ ‘ಕ್ವಿಟ್’ ಹೇಳುವುದು ದೋಷ ಕೊಡುವ ಕ್ರಿಯೆಯೇ ಆದ್ದರಿಂದ, ಶುಚಿಗೊಳಿಸುವ ಕೆಲಸವನ್ನು ದೋಷದ ಲೇಬಲ್ಲಿನ ಕೆಳಗೆ ಬರೆಯಬಾರದು. ದೋಷದ ವಿವರವನ್ನು ಬರೆದಿಟ್ಟುಕೊಂಡು, ‘ರೆಸ್ಯೂಮ್ ಮುಕ್ತಾಯ’ ಎಂದು ಹೊರಬಂದು, ಆಮೇಲೆ ಶುಚಿಗೊಳಿಸಬೇಕು. ಕೆಲವರು ಇಲ್ಲಿ ‘ಗೋಟು ಮುಕ್ತಾಯ’ ಎಂದು ಬರೆಯುತ್ತಾರೆ. ನೋಡಲು ಎರಡೂ ಒಂದೇ ಕಡೆಗೆ ಹೋಗುತ್ತವೆ, ಆದರೆ ಗೋಟು ದೋಷದ ಸ್ಥಿತಿಯನ್ನು ಕೊನೆಗೊಳಿಸುವುದಿಲ್ಲ.

ಇನ್ನು ವರ್ಡ್ ಪಡೆಯುವ ಬಗೆ. ಈಗಾಗಲೇ ತೆರೆದಿರುವ ವರ್ಡ್ ಬೇಕಿದ್ದರೆ ‘ಗೆಟ್ ಆಬ್ಜೆಕ್ಟ್’ ಕೇಳಬೇಕು, ಯಾವುದೂ ತೆರೆದಿಲ್ಲದಿದ್ದರೆ ಅದು 429 ಕೊಡುತ್ತದೆ. ಇಲ್ಲಿ ದೋಷವೇ ಉತ್ತರ, ಏಕೆಂದರೆ ವರ್ಡ್ ಓಡುತ್ತಿದೆಯೇ ಎಂದು ತಿಳಿಯುವ ಸಹಜವಾದ ಮಾರ್ಗವೇ ಇದು. ಆದ್ದರಿಂದ ಆ ಒಂದೇ ಸಾಲಿನ ಮುಂಚೆ ‘ರೆಸ್ಯೂಮ್ ನೆಕ್ಸ್ಟ್’, ಅದರ ನಂತರ ತಕ್ಷಣವೇ ಮತ್ತೆ ‘ಆನ್ ಎರರ್ ಗೋಟು ದೋಷ’, ಆಮೇಲೆ ವೇರಿಯಬಲ್ ನಥಿಂಗ್ ಆಗಿದ್ದರೆ ‘ಕ್ರಿಯೇಟ್ ಆಬ್ಜೆಕ್ಟ್’ ಮತ್ತು ನಾವೇ_ತೆರೆದದ್ದು ಎಂಬ ಗುರುತು. ಈ ಗುರುತಿಲ್ಲದ ಮ್ಯಾಕ್ರೋ ಒಂದು ದಿನ ತಮ್ಮ ಮಾಲೀಕರು ಬರೆಯುತ್ತಿರುವ ಪತ್ರದ ಸಮೇತ ಅವರ ವರ್ಡನ್ನೇ ಮುಚ್ಚಿಬಿಡುತ್ತದೆ.

ತಮ್ಮ ಕೆಲಸಕ್ಕೆ ಗೆಟ್ ಆಬ್ಜೆಕ್ಟ್ ಬೇಕಾಗಿಯೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಯಾವಾಗಲೂ ಕ್ರಿಯೇಟ್ ಆಬ್ಜೆಕ್ಟ್ ಬಳಸಿ ಸ್ವಂತ ವರ್ಡ್ ಒಂದನ್ನು ತೆರೆದು, ಕೊನೆಗೆ ಅದನ್ನೇ ಮುಚ್ಚಿರಿ.

ಪೈಥಾನ್ ಬಳಸುವವ, ಕಲಬುರಗಿ

ಸರ್, ಗೌರವಪೂರ್ವಕವಾಗಿಯೇ ಹೇಳುತ್ತೇನೆ: ಲೇಬಲ್, ಗೋಟು, ರೆಸ್ಯೂಮ್‌ಗಳ ಈ ಕಸರತ್ತನ್ನು ಹೊಸಬರಿಗೆ ಏಕೆ ಕಲಿಸಬೇಕು? ಪೈಥಾನ್ ಭಾಷೆಯ ಪೈವಿನ್32 ಎಂಬ ಲೈಬ್ರರಿ ಬಳಸಿದರೆ ‘ಟ್ರೈ’, ‘ಎಕ್ಸೆಪ್ಟ್’, ‘ಫೈನಲಿ’ ಎಂಬ ಸ್ವಚ್ಛ ರಚನೆ ಸಿಗುತ್ತದೆ. ಫೈನಲಿಯಲ್ಲಿ ವರ್ಡ್.ಕ್ವಿಟ್ ಬರೆದರೆ ಮುಗಿಯಿತು. ವಿಬಿ ಡಾಟ್‌ನೆಟ್ 2002ರಲ್ಲಿಯೇ ಟ್ರೈ-ಕ್ಯಾಚ್ ತಂದಿದೆ, ವಿಬಿಎ ಇನ್ನೂ ಹಳೆಯ ಬೇಸಿಕ್ ಶೈಲಿಯಲ್ಲಿಯೇ ನಿಂತಿದೆ.

ಪಾಲಿಟೆಕ್ನಿಕ್ ಬೋಧಕ, ಬೀದರ್

ರಚನೆ ಸ್ವಚ್ಛವಾಗಿದೆ ಎಂಬುದನ್ನು ಒಪ್ಪುತ್ತೇನೆ, ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಮೊದಲು ತೋರಿಸುತ್ತೇನೆ. ಆದರೆ ಈ ವೇದಿಕೆಯಲ್ಲಿ ಕೇಳುವವರಲ್ಲಿ ಹೆಚ್ಚಿನವರ ಕಚೇರಿಯ ಕಂಪ್ಯೂಟರಿನಲ್ಲಿ ಎಕ್ಸೆಲ್ ಇರುತ್ತದೆ, ಪೈಥಾನ್ ಇರುವುದಿಲ್ಲ, ಹಾಕಿಕೊಳ್ಳಲು ಅನುಮತಿಯೂ ಇರುವುದಿಲ್ಲ. ಅಲ್ಲದೆ ವರ್ಡ್ ನಡುವೆ ಸತ್ತುಹೋಗಿದ್ದರೆ ಫೈನಲಿಯ ಒಳಗಿನ ಕ್ವಿಟ್ ಕೂಡ ದೋಷ ಕೊಡುತ್ತದೆ. ಅದನ್ನು ಮತ್ತೊಂದು ಟ್ರೈನಲ್ಲಿ ಸುತ್ತದಿದ್ದರೆ ಕೊನೆಯ ದೋಷವಾಗಿ ಆ ಹೊಸದೇ ಕಾಣಿಸಿಕೊಳ್ಳುತ್ತದೆ, ಮೂಲ ಕಾರಣವನ್ನು ಅದರ ಹಿಂದೆ ಹುಡುಕಬೇಕಾಗುತ್ತದೆ. ‘ಡಿಸ್ಪ್ಯಾಚ್’ ಎಂದರೆ ಆಗಲೇ ಓಡುತ್ತಿರುವ ವರ್ಡ್ ಕೈಗೆ ಸಿಗಬಹುದು, ಹೊಸದೇ ಬೇಕೆಂದರೆ ‘ಡಿಸ್ಪ್ಯಾಚ್ ಎಕ್ಸ್’ ಎನ್ನಬೇಕು ಎಂಬುದನ್ನೂ ಅಲ್ಲಿ ಕಲಿಯಬೇಕಾಗುತ್ತದೆ. ಯಾರು ತೆರೆದರು, ಯಾರು ಮುಚ್ಚಬೇಕು ಎಂಬ ಪ್ರಶ್ನೆ ಯಾವ ಭಾಷೆಯಲ್ಲಿಯೂ ತಪ್ಪುವುದಿಲ್ಲ.

ದಾಲ್ ಮಿಲ್ ಲೆಕ್ಕಪತ್ರ, ಕಲಬುರಗಿ

ರಚನೆಯನ್ನು ಅಳವಡಿಸಿದ್ದೇನೆ, ಈಗ ಹಿನ್ನೆಲೆಯಲ್ಲಿ ವರ್ಡ್ ಉಳಿಯುತ್ತಿಲ್ಲ. ಹೊಸ ಸಂದೇಹ ಹೀಗಿದೆ: ಒಬ್ಬ ರೈತರ ಸಾಲು ಕೆಟ್ಟಿದ್ದರೆ ಇಡೀ ಓಟವೇ ನಿಂತುಹೋಗುತ್ತದೆ, ಉಳಿದವರ ಪಟ್ಟಿಗಳು ಆಗುವುದಿಲ್ಲ. ಸಂಜೆ ರೈತರು ಹೊರಗೆ ಕಾಯುತ್ತಿರುತ್ತಾರೆ. ಕೆಟ್ಟ ಸಾಲನ್ನು ಬಿಟ್ಟು ಮುಂದಕ್ಕೆ ಹೋಗಬೇಕೆಂದರೆ ಮತ್ತೆ ರೆಸ್ಯೂಮ್ ನೆಕ್ಸ್ಟ್‌ಗೇ ಹೋಗಬೇಕೇ?

ಪೈಥಾನ್ ಬಳಸುವವ, ಕಲಬುರಗಿ

ಬೇಡ. ಇಲ್ಲಿ ದೋಷಗಳನ್ನು ಎರಡು ಜಾತಿಯಾಗಿ ನೋಡಬೇಕು, ಇದು ಭಾಷೆಗೆ ಸಂಬಂಧಿಸಿದ್ದಲ್ಲ. ಕೆಲವು ದೋಷಗಳು ಆ ಸಾಲಿಗೆ ಸೇರಿದವು: ಮೊತ್ತದ ಜಾಗದಲ್ಲಿ ಅಕ್ಷರ, ಹೆಸರು ಖಾಲಿ, ಫೈಲ್ ಹೆಸರಿಗೆ ಒಗ್ಗದ ಚಿಹ್ನೆ. ಇವು ಬಂದರೆ ಆ ರೈತರ ಸಾಲಿನ ಮುಂದೆ ಕಾರಣ ಬರೆದು ಮುಂದಿನ ಸಾಲಿಗೆ ಹೋಗಬಹುದು. ಇನ್ನು ಕೆಲವು ಯಂತ್ರಕ್ಕೆ ಸೇರಿದವು: 462, ಅಥವಾ -2147023174, -2147417848 ಎಂಬಂತಹ ಉದ್ದದ ಋಣ ಸಂಖ್ಯೆಗಳು. ಅವುಗಳ ಅರ್ಥ, ವರ್ಡ್ ಜೊತೆಗಿನ ಸಂಪರ್ಕವೇ ಕಡಿದಿದೆ ಎಂದು. ಆಗ ಮುಂದಿನ ಸಾಲಿಗೆ ಹೋದರೆ ಉಳಿದ ಎಲ್ಲ ರೈತರ ಮುಂದೆಯೂ ಅದೇ ದೋಷ ಬರೆಯಲ್ಪಡುತ್ತದೆ, ನಿಲ್ಲುವುದೇ ಸರಿ. -2147418111 ಮಾತ್ರ ಇವೆರಡರ ನಡುವಿನದು. ವರ್ಡ್ ಬೇರೆ ಕೆಲಸದಲ್ಲಿದ್ದು ಕರೆಯನ್ನು ತಿರಸ್ಕರಿಸಿದೆಯೆಂದು ಅದರ ಅರ್ಥ, ಸ್ವಲ್ಪ ತಡೆದು ಮತ್ತೆ ಕೇಳಿದರೆ ಹೆಚ್ಚಿನ ವೇಳೆ ನಡೆಯುತ್ತದೆ. ಆದರೆ ಮರುಪ್ರಯತ್ನಕ್ಕೆ ಮಿತಿ ಇರಲಿ, ಇಲ್ಲವಾದರೆ ಮ್ಯಾಕ್ರೋ ಅಲ್ಲಿಯೇ ಸುತ್ತುತ್ತಿರುತ್ತದೆ.

ರಚನೆಯಲ್ಲಿ ಇದನ್ನು ತರುವ ಬಗೆಯೆಂದರೆ, ಒಬ್ಬ ರೈತರ ಪಟ್ಟಿ ಮಾಡುವ ಕೆಲಸವನ್ನು ಪ್ರತ್ಯೇಕ ಫಂಕ್ಷನ್ ಆಗಿ ಬರೆಯುವುದು. ಅದಕ್ಕೆ ತನ್ನದೇ ‘ಆನ್ ಎರರ್ ಗೋಟು’ ಮತ್ತು ತನ್ನದೇ ಮುಕ್ತಾಯ ಇರಲಿ, ತಾನು ತೆರೆದ ಡಾಕ್ಯುಮೆಂಟನ್ನು ಅದು ತಾನೇ ಮುಚ್ಚಲಿ. ಸಾಲಿನ ದೋಷವಾದರೆ ಕಾರಣವನ್ನು ಹಿಂದಿರುಗಿಸಲಿ, ಯಂತ್ರದ ದೋಷವಾದರೆ ‘ಎರ್.ರೈಸ್’ ಮೂಲಕ ಅದೇ ಸಂಖ್ಯೆಯನ್ನು ಮೇಲಕ್ಕೆ ಎಸೆಯಲಿ. ಮೇಲಿನ ಸಬ್ ವರ್ಡ್‌ನ ಜೀವ ಮರಣಕ್ಕೆ ಮಾತ್ರ ಹೊಣೆ. ಮೊತ್ತದ ವೇರಿಯಬಲ್ ಫಂಕ್ಷನ್ನಿನ ಒಳಗೇ ಹುಟ್ಟುವುದರಿಂದ ಹಿಂದಿನ ರೈತರ ಬೆಲೆ ಉಳಿಯುವ ಪ್ರಶ್ನೆಯೂ ಇಲ್ಲಿಗೆ ಮುಗಿಯುತ್ತದೆ.

ಸಹಕಾರ ಸಂಘದ ಕಂಪ್ಯೂಟರ್ ನಿರ್ವಾಹಕಿ, ಶಹಾಪುರ, ಯಾದಗಿರಿ ಜಿಲ್ಲೆ

ಪೈಥಾನ್ ಬಳಸುವ ತಮ್ಮನವರು ಹೇಳಿದ ಮೊದಲ ಜಾತಿಯ ದೋಷಗಳಲ್ಲಿ ಬಹುಪಾಲನ್ನು ದೋಷವಾಗಲು ಬಿಡದೆ ಮೊದಲೇ ಕೇಳಿ ತಿಳಿದುಕೊಳ್ಳಬಹುದು. ಕೇಳಿ ತಿಳಿಯಬಹುದಾದದ್ದಕ್ಕೆ ದೋಷ ನಿರ್ವಹಣೆ ಬಳಸುವುದು ನನಗೆ ಸರಿಕಾಣುವುದಿಲ್ಲ. ಮೊತ್ತದ ಕೋಶವನ್ನು ಮೊದಲು ‘ಈಸ್ ಎರರ್’, ನಂತರ ‘ಈಸ್ ನ್ಯೂಮರಿಕ್’ ಎಂದು ಪರೀಕ್ಷಿಸಿರಿ. ಖಾಲಿ ಕೋಶಕ್ಕೂ ಈಸ್ ನ್ಯೂಮರಿಕ್ ಹೌದೆಂದೇ ಹೇಳುತ್ತದೆ, ಆದ್ದರಿಂದ ಖಾಲಿಯೇ ಎಂಬುದನ್ನು ಬೇರೆಯಾಗಿ ನೋಡಬೇಕು. ಇಲ್ಲದಿದ್ದರೆ ಸೊನ್ನೆ ರೂಪಾಯಿಯ ಪಟ್ಟಿ ರೈತರ ಕೈಗೆ ಹೋಗುತ್ತದೆ.

5941 ಎಂದರೆ ಕೇಳಿದ ಬುಕ್‌ಮಾರ್ಕ್ ಅಲ್ಲಿ ಇಲ್ಲ ಎಂದು. ‘ಬುಕ್‌ಮಾರ್ಕ್ಸ್.ಎಕ್ಸಿಸ್ಟ್ಸ್’ ಕೇಳಿದರೆ ಅದು ಮುಂಚೆಯೇ ತಿಳಿಯುತ್ತದೆ. ಟೆಂಪ್ಲೇಟಿನಲ್ಲಿ ಇದ್ದ ಬುಕ್‌ಮಾರ್ಕ್ ಎರಡನೆಯ ರೈತರ ಹೊತ್ತಿಗೆ ಕಾಣೆಯಾಗಲು ಒಂದು ಕಾರಣವಿದೆ: ಪಠ್ಯವನ್ನು ಸುತ್ತುವರಿದ ಬುಕ್‌ಮಾರ್ಕಿನ ರೇಂಜ್‌ಗೆ ಹೊಸ ಪಠ್ಯ ಬರೆದ ಕೂಡಲೇ ಆ ಬುಕ್‌ಮಾರ್ಕ್ ಅಳಿದುಹೋಗುತ್ತದೆ. ಒಂದೇ ಡಾಕ್ಯುಮೆಂಟನ್ನು ಮತ್ತೆ ಮತ್ತೆ ತುಂಬುವ ಬದಲು ಪ್ರತಿ ರೈತರಿಗೂ ‘ಡಾಕ್ಯುಮೆಂಟ್ಸ್.ಆ್ಯಡ್’ ಮೂಲಕ ಟೆಂಪ್ಲೇಟಿನಿಂದ ಹೊಸ ಪ್ರತಿ ತೆಗೆಯಿರಿ.

ನಮ್ಮ ಕಡೆಯ ಹೆಸರುಗಳ ವಿಷಯವೂ ಇದೆ. ಕಾಗದಪತ್ರಗಳಲ್ಲಿ ಶರಣಪ್ಪ ತಂದೆ ಮಲ್ಲಪ್ಪ ಎಂದು ಬರೆಯುವುದು ರೂಢಿ, ಕೆಲವರು ಅದನ್ನು ‘ತಂ/’ ಎಂದೂ, ‘ಗಂ/’ ಎಂದೂ ಕಿರಿದಾಗಿಸುತ್ತಾರೆ. ಆ ಓರೆಗೆರೆ ಫೈಲ್ ಹೆಸರಿನಲ್ಲಿ ಇರುವಂತಿಲ್ಲವಾದ್ದರಿಂದ ಪಿಡಿಎಫ್ ಉಳಿಸುವ ಸಾಲು ಸೋಲುತ್ತದೆ. ಹೆಸರಿನ ಬದಲು ಖಾತೆ ಸಂಖ್ಯೆಯನ್ನು ಫೈಲ್ ಹೆಸರಾಗಿಸುವುದು ಒಳ್ಳೆಯದು. ಒಂದೇ ಹೆಸರಿನ ಇಬ್ಬರು ರೈತರಿದ್ದರೆ ಒಬ್ಬರ ಫೈಲ್ ಮೇಲೆ ಇನ್ನೊಬ್ಬರದು ಬರೆಯಲ್ಪಡುವುದಂತೂ ದೋಷವೆಂದೇ ಕಾಣಿಸಿಕೊಳ್ಳುವುದಿಲ್ಲ.

ಟೆಂಪ್ಲೇಟ್ ಇದೆಯೇ, ಪಿಡಿಎಫ್ ಫೋಲ್ಡರ್ ಇದೆಯೇ ಎಂಬುದನ್ನು ವರ್ಡ್ ತೆರೆಯುವ ಮುನ್ನವೇ ನೋಡಿಬಿಡಿ. ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆದರೂ, ಹಳೆಯ ಮ್ಯಾಕ್ರೋಗಳ ಒಳಗೆ ಗುಲ್ಬರ್ಗಾ ಎಂಬ ಫೋಲ್ಡರ್ ದಾರಿ ಇನ್ನೂ ಉಳಿದಿರುವುದು ಅಪರೂಪವೇನಲ್ಲ.

ಪ್ರೌಢಶಾಲೆಯ ಕಚೇರಿ ಸಹಾಯಕ, ಭಾಲ್ಕಿ

ಮಧ್ಯೆ ಬಂದು ಕೇಳುತ್ತಿರುವುದಕ್ಕೆ ಮನ್ನಿಸಿರಿ. ನಾನು ವರ್ಗಾವಣೆ ಪತ್ರಗಳನ್ನು ಇದೇ ರೀತಿ ತಯಾರಿಸುತ್ತೇನೆ. ನನಗೆ ಯಾವ ದೋಷವೂ ಬರುವುದಿಲ್ಲ, ಆದರೆ ಮ್ಯಾಕ್ರೋ ಕೆಲವೊಮ್ಮೆ ನಿಂತಲ್ಲೇ ನಿಂತುಬಿಡುತ್ತದೆ. ಇನ್ನೊಂದು ಅಪ್ಲಿಕೇಶನ್ ಒಎಲ್‌ಇ ಕ್ರಿಯೆ ಮುಗಿಸಲೆಂದು ಎಕ್ಸೆಲ್ ಕಾಯುತ್ತಿದೆ ಎಂಬ ಸಂದೇಶ ಮತ್ತೆ ಮತ್ತೆ ಬರುತ್ತದೆ. ದೋಷವೇ ಇಲ್ಲದಾಗ ದೋಷ ನಿರ್ವಹಣೆ ಏನು ಮಾಡೀತು?

ಸಹಕಾರ ಸಂಘದ ಕಂಪ್ಯೂಟರ್ ನಿರ್ವಾಹಕಿ, ಶಹಾಪುರ, ಯಾದಗಿರಿ ಜಿಲ್ಲೆ

ಏನೂ ಮಾಡಲಾರದು, ತಾವು ಹೇಳಿದ್ದು ಸರಿ. ತಮ್ಮ ವರ್ಡ್ ಅದೃಶ್ಯವಾಗಿ ಓಡುತ್ತಾ, ಕಾಣದ ಕಿಟಕಿಯಲ್ಲಿ ಏನೋ ಒಂದು ಪ್ರಶ್ನೆ ಕೇಳಿಕೊಂಡು ಕುಳಿತಿದೆ. ಈ ಫೈಲನ್ನು ಬೇರೊಬ್ಬರು ಬಳಸುತ್ತಿದ್ದಾರೆ, ಓದಲು ಮಾತ್ರ ತೆರೆಯಲೇ ಎಂದೋ, ಪಾಸ್‌ವರ್ಡ್ ಕೊಡಿ ಎಂದೋ ಇರಬಹುದು. ಉತ್ತರ ಬರುವವರೆಗೆ ಅದು ಹಿಂದಿರುಗುವುದಿಲ್ಲ, ಎಕ್ಸೆಲ್ ಕಾಯುತ್ತದೆ. ಹಿಂದೆ ಕೆಟ್ಟು ಉಳಿದ ಇನ್ನೊಂದು ವರ್ಡ್ ಅದೇ ಫೈಲನ್ನು ಹಿಡಿದುಕೊಂಡಿರುವುದೇ ಇದಕ್ಕೆ ಸಾಮಾನ್ಯ ಕಾರಣ.

ಪ್ರಶ್ನೆಯನ್ನು ದೋಷವಾಗಿ ಬದಲಾಯಿಸುವುದು ಇಲ್ಲಿಯ ಉಪಾಯ, ಏಕೆಂದರೆ ದೋಷವನ್ನು ಹಿಡಿಯಬಹುದು, ಪ್ರಶ್ನೆಯನ್ನು ಹಿಡಿಯಲಾಗದು. ಫೈಲ್ ತೆರೆಯುವಾಗ ‘ರೀಡ್ ಓನ್ಲಿ’ ಎಂದು ತಾವೇ ಹೇಳಿಬಿಡಿ. ಪಾಸ್‌ವರ್ಡ್ ಇರಬಹುದೆಂಬ ಸಂದೇಹವಿದ್ದರೆ ಏನಾದರೊಂದು ಸುಳ್ಳು ಪಾಸ್‌ವರ್ಡನ್ನು ಓಪನ್ ಜೊತೆಗೆ ಕಳಿಸಿರಿ. ಪಾಸ್‌ವರ್ಡ್ ಇಲ್ಲದ ಫೈಲ್ ಅದನ್ನು ಲೆಕ್ಕಿಸದೆ ತೆರೆದುಕೊಳ್ಳುತ್ತದೆ, ಇರುವ ಫೈಲ್ ಕಿಟಕಿ ತೋರಿಸುವ ಬದಲು ದೋಷ ಕೊಡುತ್ತದೆ. ‘ಡಿಸ್‌ಪ್ಲೇ ಅಲರ್ಟ್ಸ್’ ಅನ್ನು ಸೊನ್ನೆ ಮಾಡಬಹುದು, ಆದರೆ ಮ್ಯಾಕ್ರೋ ಮುಗಿದಾಗ ವರ್ಡ್ ಅದನ್ನು ತಾನಾಗಿ ಹಿಂದಿನ ಸ್ಥಿತಿಗೆ ತರುವುದಿಲ್ಲ. ಬೇರೆಯವರ ವರ್ಡನ್ನು ಬಳಸುತ್ತಿದ್ದರೆ ಮುಕ್ತಾಯದಲ್ಲಿ ಅದನ್ನು ತಾವೇ ಸರಿಪಡಿಸಬೇಕು. ಕಲಿಯುವ ದಿನಗಳಲ್ಲಿ ‘ವಿಸಿಬಲ್’ ಅನ್ನು ಟ್ರೂ ಮಾಡಿಯೇ ಇಟ್ಟುಕೊಳ್ಳಿ, ಇಂತಹ ಕಿಟಕಿಗಳು ಆಗ ಕಣ್ಣಿಗೆ ಬೀಳುತ್ತವೆ.

ದಾಲ್ ಮಿಲ್ ಲೆಕ್ಕಪತ್ರ, ಕಲಬುರಗಿ

ಸಾಲಿನ ದೋಷಗಳನ್ನು ಬೇರ್ಪಡಿಸಿ ಬರೆದಿದ್ದೇನೆ. ಆದರೆ ದೋಷದ ಕಾರಣವನ್ನು ಕನ್ನಡದಲ್ಲಿ ತೋರಿಸಬೇಕೆಂದರೆ, ಎಡಿಟರಿನಲ್ಲಿ ಕನ್ನಡ ಅಂಟಿಸಿದ ಕೂಡಲೇ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಮಿಲ್ಲಿನಲ್ಲಿ ಈ ಮ್ಯಾಕ್ರೋ ನಡೆಸುವ ಹುಡುಗರಿಗೆ ಇಂಗ್ಲಿಷ್ ಸಂದೇಶ ಉಪಯೋಗವಾಗದು.

ಪಾಲಿಟೆಕ್ನಿಕ್ ಬೋಧಕ, ಬೀದರ್

ವಿಬಿಎ ಎಡಿಟರ್ ಯೂನಿಕೋಡ್ ಕನ್ನಡವನ್ನು ಹಿಡಿದಿಡುವುದಿಲ್ಲ. ‘ಸಿಎಚ್‌ಆರ್‌ಡಬ್ಲ್ಯೂ’ ಫಂಕ್ಷನ್ನಿಗೆ 3221 ಕೊಟ್ಟರೆ ಕ ಅಕ್ಷರ ಬರುತ್ತದೆ, ಹೀಗೆ ಒಂದೊಂದೇ ಅಕ್ಷರ ಕಟ್ಟುವುದು ಸಾಧ್ಯವಾದರೂ ಯಾರಿಗೂ ಬೇಡದ ಕೆಲಸ. ಕಾರ್ಯಪುಸ್ತಕದಲ್ಲಿ ಸಂದೇಶಗಳಿಗೆಂದೇ ಒಂದು ಹಾಳೆ ಇಟ್ಟು, ಒಂದು ಕಾಲಮ್ಮಿನಲ್ಲಿ ದೋಷದ ಸಂಕೇತವನ್ನೂ ಪಕ್ಕದಲ್ಲಿ ಕನ್ನಡ ವಾಕ್ಯವನ್ನೂ ಬರೆಯಿರಿ. ಮ್ಯಾಕ್ರೋ ಆ ವಾಕ್ಯವನ್ನು ಓದಿ ಆ ರೈತರ ಸಾಲಿನ ಕೊನೆಯ ಕಾಲಮ್ಮಿಗೆ ಬರೆಯಲಿ. ಮೆಸೇಜ್ ಬಾಕ್ಸ್ ಬೇಡ, ಅದಕ್ಕೂ ಇದೇ ತೊಂದರೆಯಿದೆ. ತಮ್ಮದೇ ದೋಷಗಳಿಗೆ ವಿಬಿ-ಆಬ್ಜೆಕ್ಟ್-ಎರರ್ ಎಂಬ ಸ್ಥಿರಾಂಕಕ್ಕೆ 513 ಅಥವಾ ಮೇಲಿನ ಅಂಕಿ ಕೂಡಿಸಿ ಎರ್.ರೈಸ್ ಮಾಡಿದರೆ, ಅವು ವರ್ಡ್ ಕೊಡುವ ಸಂಖ್ಯೆಗಳೊಂದಿಗೆ ಸುಲಭವಾಗಿ ಬೆರೆಯುವುದಿಲ್ಲ.

ದೋಷಗಳ ದಾಖಲೆಯನ್ನು ಪಠ್ಯ ಫೈಲಿಗೆ ಬರೆಯುವುದಾದರೆ ಹಳೆಯ ‘ಪ್ರಿಂಟ್’ ವಿಧಾನ ಕನ್ನಡವನ್ನು ಪ್ರಶ್ನಾರ್ಥಕ ಚಿಹ್ನೆಯಾಗಿಸುತ್ತದೆ. ಫೈಲ್ ಸಿಸ್ಟಮ್ ಆಬ್ಜೆಕ್ಟಿನ ‘ಕ್ರಿಯೇಟ್ ಟೆಕ್ಸ್ಟ್ ಫೈಲ್’ಗೆ ಯೂನಿಕೋಡ್ ಎಂದು ಸೂಚಿಸಿದರೆ ಸರಿಯಾಗಿ ಬರೆಯುತ್ತದೆ. ಕನ್ನಡ ಹೆಸರಿನ ಫೈಲ್ ಇದೆಯೇ ಎಂದು ‘ಡಿಐಆರ್’ ಮೂಲಕ ಕೇಳಬೇಡಿ, ಅದಕ್ಕೂ ಯೂನಿಕೋಡ್ ತಿಳಿಯದು. ಅದೇ ಫೈಲ್ ಸಿಸ್ಟಮ್ ಆಬ್ಜೆಕ್ಟಿನ ‘ಫೈಲ್ ಎಕ್ಸಿಸ್ಟ್ಸ್’ ಕೇಳಿರಿ.

ಪರೀಕ್ಷೆ ಮಾಡುವ ಬಗೆಯನ್ನೂ ಹೇಳಿಬಿಡುತ್ತೇನೆ, ಇದನ್ನು ಮಾಡುವವರು ಕಡಿಮೆ. ಒಂದು ಸಾಲಿನ ಮೊತ್ತಕ್ಕೆ ಅಕ್ಷರ ಹಾಕಿ ನಡೆಸಿರಿ. ಟೆಂಪ್ಲೇಟಿನ ಒಂದು ಬುಕ್‌ಮಾರ್ಕ್ ಅಳಿಸಿ ನಡೆಸಿರಿ. ಒಬ್ಬ ರೈತರ ಪಿಡಿಎಫ್ ತೆರೆದಿಟ್ಟುಕೊಂಡೇ ನಡೆಸಿರಿ. ಕೊನೆಗೆ, ಮ್ಯಾಕ್ರೋ ಅರ್ಧ ಓಡಿರುವಾಗ ಟಾಸ್ಕ್ ಮ್ಯಾನೇಜರಿನಿಂದ ವರ್ಡನ್ನು ಕೊಂದು ನೋಡಿರಿ. ಪ್ರತಿ ಬಾರಿಯೂ ಎರಡನ್ನು ಗಮನಿಸಿ: ಹಾಳೆಯಲ್ಲಿ ಬರೆದ ಕಾರಣ ನಿಜವಾದ ಕಾರಣವೇ, ಹಿನ್ನೆಲೆಯಲ್ಲಿ ವರ್ಡ್ ಉಳಿದಿದೆಯೇ. ಪರೀಕ್ಷೆಗೆ ಮುಂಚೆ ಎಡಿಟರಿನ ಆಯ್ಕೆಗಳಲ್ಲಿ, ಜನರಲ್ ಎಂಬಲ್ಲಿ, ದೋಷ ಹಿಡಿಯುವ ಸೆಟ್ಟಿಂಗ್ ‘ಬ್ರೇಕ್ ಆನ್ ಆಲ್ ಎರರ್ಸ್’ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಿರಿ. ಹಾಗಿದ್ದರೆ ತಾವು ಬರೆದ ಯಾವ ನಿರ್ವಹಣೆಯೂ ಕೆಲಸ ಮಾಡದೆ ಪ್ರತಿ ದೋಷಕ್ಕೂ ನಿಲ್ಲುತ್ತದೆ.

ದಾಲ್ ಮಿಲ್ ಲೆಕ್ಕಪತ್ರ, ಕಲಬುರಗಿ

ನಾಲ್ಕೂ ಪರೀಕ್ಷೆಗಳನ್ನು ಮಾಡಿದೆ. ಮೂರು ಸರಿಯಾಗಿ ನಡೆದವು. ಪಿಡಿಎಫ್ ತೆರೆದಿಟ್ಟಾಗ ಮಾತ್ರ ನನ್ನ ಫಂಕ್ಷನ್ ಅದನ್ನು ಯಂತ್ರದ ದೋಷವೆಂದು ತಿಳಿದು ಇಡೀ ಓಟವನ್ನು ನಿಲ್ಲಿಸಿತು, ಏಕೆಂದರೆ ನನ್ನ ಪಟ್ಟಿಯಲ್ಲಿ ಆ ಸಂಖ್ಯೆ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ದೋಷಗಳನ್ನು ಯಾವ ಜಾತಿಗೆ ಸೇರಿಸಬೇಕು?

ಪೈಥಾನ್ ಬಳಸುವವ, ಕಲಬುರಗಿ

ಅಣ್ಣನವರೇ, ಪರಿಚಯವಿಲ್ಲದ ದೋಷಕ್ಕೆ ಓಟ ನಿಂತದ್ದೇ ಸರಿಯಾದ ನಡವಳಿಕೆ, ಅದನ್ನು ಬದಲಾಯಿಸಬೇಡಿ. ನಿಂತಾಗ ಸಂಖ್ಯೆಯನ್ನು ನೋಡಿ, ಅದು ಸಾಲಿಗೆ ಸೇರಿದ್ದೆಂದು ಖಚಿತವಾದರೆ ಪಟ್ಟಿಗೆ ಸೇರಿಸಿರಿ. ಹಂಗಾಮು ಮುಗಿಯುವುದರೊಳಗೆ ಪಟ್ಟಿ ತಾನಾಗಿ ತುಂಬಿಕೊಳ್ಳುತ್ತದೆ. ಹಣದ ಕಾಗದದ ವಿಷಯದಲ್ಲಿ, ತಿಳಿಯದ ದೋಷವನ್ನು ದಾಟಿ ಹೋಗುವ ಮ್ಯಾಕ್ರೋಗಿಂತ ನಿಂತು ಕೇಳುವ ಮ್ಯಾಕ್ರೋ ಲೇಸು. ಈ ಒಂದು ವಿಷಯದಲ್ಲಿ ಬೀದರಿನ ಸರ್‌ಗೂ ನನಗೂ ಭಿನ್ನಾಭಿಪ್ರಾಯವಿಲ್ಲವೆಂದು ತಿಳಿದಿದ್ದೇನೆ.

ಪಾಲಿಟೆಕ್ನಿಕ್ ಬೋಧಕ, ಬೀದರ್

ಇಲ್ಲ. ಅದರೊಂದಿಗೆ, ಯಾವ ಸಾಲಿನವರೆಗೆ ಪಟ್ಟಿ ಆಗಿದೆ ಎಂಬ ಗುರುತು ಹಾಳೆಯಲ್ಲಿಯೇ ಇರಲಿ. ಮತ್ತೆ ನಡೆಸಿದಾಗ ಆದವರನ್ನು ಬಿಟ್ಟು ಉಳಿದವರಿಂದ ಪ್ರಾರಂಭವಾದರೆ, ನಡುವೆ ನಿಲ್ಲುವುದು ಅಷ್ಟು ದೊಡ್ಡ ತೊಂದರೆಯಾಗದು.

ಪ್ರೌಢಶಾಲೆಯ ಕಚೇರಿ ಸಹಾಯಕ, ಭಾಲ್ಕಿ

ರೀಡ್ ಓನ್ಲಿ ಸೂಚಿಸಿದ ಮೇಲೆ ನನ್ನ ಮ್ಯಾಕ್ರೋ ನಿಲ್ಲುತ್ತಿಲ್ಲ, ಮೇಡಂ ಅವರಿಗೆ ಧನ್ಯವಾದಗಳು. ಪತ್ರಗಳನ್ನು ಔಟ್‌ಲುಕ್ ಮೂಲಕ ಕಳಿಸುವುದಕ್ಕೂ ಇದೇ ರಚನೆ ನಡೆಯುತ್ತದೆಯೇ?

ಸಹಕಾರ ಸಂಘದ ಕಂಪ್ಯೂಟರ್ ನಿರ್ವಾಹಕಿ, ಶಹಾಪುರ, ಯಾದಗಿರಿ ಜಿಲ್ಲೆ

ರಚನೆ ಅದೇ, ಆದರೆ ‘ನಾವೇ_ತೆರೆದದ್ದು’ ಎಂಬ ಗುರುತನ್ನು ಅಲ್ಲಿ ಬೇರೆ ರೀತಿ ನಿರ್ಧರಿಸಬೇಕು. ಔಟ್‌ಲುಕ್ ಒಮ್ಮೆಗೆ ಒಂದೇ ಓಡುತ್ತದೆ. ಕ್ರಿಯೇಟ್ ಆಬ್ಜೆಕ್ಟ್ ಕೇಳಿದರೂ ಆಗಲೇ ತೆರೆದಿರುವುದನ್ನೇ ಕೈಗೆ ಕೊಡುತ್ತದೆ, ಆದ್ದರಿಂದ ವರ್ಡ್‌ಗೆ ಮಾಡಿದಂತೆ ಯಾವಾಗಲೂ ಕ್ವಿಟ್ ಹೇಳಿದರೆ ಮುಖ್ಯೋಪಾಧ್ಯಾಯರು ನೋಡುತ್ತಿರುವ ಔಟ್‌ಲುಕ್ಕೇ ಮುಚ್ಚುತ್ತದೆ. ಇಲ್ಲಿ ಗೆಟ್ ಆಬ್ಜೆಕ್ಟ್ ಮೊದಲು ಕೇಳಿ, 429 ಬಂದರೆ ಮಾತ್ರ ನಾವೇ ತೆರೆದದ್ದೆಂದು ಗುರುತು ಹಾಕಿರಿ. ಕ್ರಿಯೇಟ್ ಆಬ್ಜೆಕ್ಟಿಗೂ 429 ಬಂದರೆ ಆ ಕಂಪ್ಯೂಟರಿನಲ್ಲಿ ಹೊಸ ಔಟ್‌ಲುಕ್ ಮಾತ್ರ ಇದೆಯೇ ಎಂದು ನೋಡಿರಿ. ಹೊಸದನ್ನು ಈ ರೀತಿ ಮ್ಯಾಕ್ರೋದಿಂದ ನಡೆಸಲು ಬರುವುದಿಲ್ಲ, ಹಳೆಯ ಕ್ಲಾಸಿಕ್ ಆವೃತ್ತಿ ಇರಬೇಕು.